ಬಿಸಿಲಿಗೆ ಮುಚ್ಚು, ಸೆಕೆಗೆ ತೆರೆ

ಉಪ್ಪುಂದಕ್ಕೆ ಬಂದ ಮೊದಲ ವಾರವೇ, ಒಂದು ಮಧ್ಯಾಹ್ನ, ನಮ್ಮ ಬಾಗಿಲನ್ನು ಯಾರೋ ಅಂಗೈಯಿಂದ ದಬದಬ ಬಡಿದರು. ನಾನೂ ಅತ್ತೆಯೂ ಕಿಟಕಿಗಳನ್ನೆಲ್ಲ ಮುಚ್ಚಿ, ಪರದೆ ಎಳೆದು, ಕತ್ತಲು ಮಾಡಿಕೊಂಡು ನಡುಮನೆಯಲ್ಲಿ ಕೂತಿದ್ದೆವು. ತೆರೆದು ನೋಡಿದರೆ ಮನೆಯ ಒಡತಿ ಗಿರಿಜಕ್ಕ. ಹಿಂದೆ ಇನ್ನಿಬ್ಬರು ಹೆಂಗಸರು, ಮೀನಿನ ಬುಟ್ಟಿಯನ್ನು ಅಂಗಳದಲ್ಲೇ ಇಳಿಸಿ ಬಂದಿದ್ದರು.

"ಹ್ವಾಯ್, ಹಗ್ಲೊತ್ತಿಗ್ ಬಾಗ್ಲ್ ಹಾಯ್ಕಂಡ್ ಒಳ್ಗ್ ಎಂತ ಮಾಡ್ತ್ರಿ? ಯಾರಿಗಾರೂ ಹುಷಾರಿಲ್ಯಾ?" ಎಂದು ಕೇಳುತ್ತಲೇ ಗಿರಿಜಕ್ಕ ನನ್ನ ಭುಜದ ಮೇಲಿಂದ ಒಳಗೆ ಇಣುಕಿದರು.

ಯಾರಿಗೂ ಏನೂ ಆಗಿಲ್ಲ, ಬಿಸಿಲಲ್ಲವೇ, ಅದಕ್ಕೇ ಮುಚ್ಚಿದ್ದೇವೆ ಎಂದೆ. ಮೂವರೂ ಮುಖ ಮುಖ ನೋಡಿಕೊಂಡರು. ನನ್ನ ರವಿಕೆ ಬೆನ್ನಿಗೆ ಅಂಟಿತ್ತು. ಅತ್ತೆಯ ಕುತ್ತಿಗೆ ತುಂಬ ಬೆವರುಸಾಲೆ ಎದ್ದಿತ್ತು. ಆದರೂ ನಾವು ಮನೆ ತಂಪು ಮಾಡಿಕೊಂಡು ಕೂತಿದ್ದೇವೆ ಎಂದೇ ನಂಬಿದ್ದೆವು.

ನಮ್ಮ ವಿಜಯಪುರದ ಕಡೆ ಕೂತು ಇದನ್ನು ಓದುತ್ತಿರುವ ನಿಮಗೆ ನಮ್ಮ ತಪ್ಪು ತಪ್ಪೆಂದೇ ಅನ್ನಿಸಲಿಕ್ಕಿಲ್ಲ. ಬೇಸಿಗೆಯಲ್ಲಿ ಹೊತ್ತು ಏರುವ ಮೊದಲೇ ನಮ್ಮ ಮನೆಗಳಲ್ಲಿ ಹಿರಿಯರು ಹೇಳುವ ಮೊದಲ ಮಾತು ಯಾವುದು? 'ಬಾಗಲಾ ಮುಂದ ಮಾಡು.' ಮುಂದೆ ಮಾಡುವುದೆಂದರೆ ಮುಚ್ಚುವುದು. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಮುಚ್ಚಿದ ಕದ. ಒಳಗೆ ಕೂತರೆ ಹೊರಗಿನ ಝಳ ಹೊರಗೇ. ಈ ಮಾತನ್ನು ಅತ್ತೆ ಇಲ್ಲಿಯೂ ಹೇಳಿದಾಗ, ಅಂಗಳದಲ್ಲಿದ್ದ ಗಿರಿಜಕ್ಕ ಇದ್ದ ಬಾಗಿಲನ್ನು ಎಲ್ಲಿಗೆ ಮುಂದೆ ಮಾಡುವುದು ಎಂದು ಗೊಂದಲಕ್ಕೆ ಬಿದ್ದಿದ್ದರಂತೆ.

ನಮ್ಮ ಮನೆಯವರು ಸರಕಾರಿ ಬಸ್ಸಿನ ಚಾಲಕರು. ವರ್ಗವಾಗಿ ಈ ಕರಾವಳಿಗೆ ಬಂದರು. ಹಿಂದೆಯೇ ನಾನು, ನನ್ನ ಹೊಲಿಗೆ ಯಂತ್ರ, ಅವರ ತಾಯಿ. ಅತ್ತೆ ಜೊತೆಗೆ ಬರುತ್ತಾರೆಂದಾಗ ಊರಿನ ಗೆಳತಿಯರು ನನ್ನನ್ನು ಅಯ್ಯೋ ಪಾಪ ಎಂದಿದ್ದರು. ಇಲ್ಲಿಗೆ ಬಂದ ಮೇಲೆ ತಿಳಿಯಿತು, ಅತ್ತೆ ಇಲ್ಲದಿದ್ದರೆ ನಾನು ದಿನವಿಡೀ ಬಾಯಿ ಹೊಲಿದುಕೊಂಡೇ ಇರಬೇಕಿತ್ತು. ಇವರು ಬೈಂದೂರಿನಿಂದ ಬಸ್ ಹಿಡಿದು ಕೆಲಸಕ್ಕೆ ಹೋದರೆ ಬರುವುದು ಯಾವಾಗಲೋ. ಅಕ್ಕಪಕ್ಕದವರ ಮಾತು ಕನ್ನಡವೇ, ಆದರೆ ನಾನು ಅರ್ಧ ಹಿಡಿಯುವುದರೊಳಗೆ ಅದು ಮುಗಿದಿರುತ್ತದೆ. 'ಬಪ್ಪುದಾ' ಎಂದು ಕೇಳಿದರೆ ಬರುವುದಾ ಎಂದರ್ಥ ಎಂದು ನಾನು ಮನಸ್ಸಿನಲ್ಲಿ ಬಿಡಿಸಿಕೊಳ್ಳುವಷ್ಟರಲ್ಲಿ ಕೇಳಿದವರು ಹೋಗಿಯೇ ಬಿಟ್ಟಿರುತ್ತಾರೆ. ನನ್ನ ಭಾಷೆಯಲ್ಲಿ ನನ್ನನ್ನು ಬೈಯುವುದಕ್ಕಾದರೂ ಒಬ್ಬರು ಬೇಕಿತ್ತು. ಅತ್ತೆ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದರು.

ಹಾಗಾಗಿ ಈ ಮನೆಯಲ್ಲಿ ಅತ್ತೆಗೆ ಹಿತವಾಗಿರಬೇಕು ಎಂಬುದು ನನ್ನ ಸ್ವಾರ್ಥವೇ ಆಗಿತ್ತು. ಬೆವರುಸಾಲೆ ಕುತ್ತಿಗೆಯಿಂದ ಬೆನ್ನಿಗೆ ಇಳಿದಾಗ ಅವರು ಊರಿನ ಮಾತು ತೆಗೆದರು. ಹಿರಿಯ ಮಗನ, ಅಂದರೆ ನನ್ನ ಭಾವನ, ಮನೆ ಅಲ್ಲಿಯೇ ಇದೆ, ಹೋಗಿಬಿಡುತ್ತೇನೆ ಎಂದರು. ನನಗೆ ಹೆದರಿಕೆಯಾಯಿತು. ಬಾಡಿಗೆಗೆ ಹಿಡಿದಿದ್ದು ತಾರಸಿ ಮನೆ. ಹಗಲೆಲ್ಲ ಕಾದು ಸಂಜೆಯಾದರೂ ಆರದು. ಮುಚ್ಚಿದ್ದರಿಂದ ಹಗಲಿನಲ್ಲೂ ಟ್ಯೂಬ್‌ಲೈಟು ಉರಿಯಬೇಕು, ಫ್ಯಾನು ತಿರುಗಬೇಕು. ಕರೆಂಟು ಸುಡುತ್ತಿತ್ತು, ನಾವೂ ಬೇಯುತ್ತಿದ್ದೆವು.

ಆಗ ನಾನು ನಮ್ಮ ಕಡೆಯವರು ಮಾತ್ರ ಮಾಡಬಹುದಾದ ಇನ್ನೊಂದು ಕೆಲಸ ಮಾಡಿದೆ. ಊರಿನಿಂದ ಕೂಲರ್ ತರಿಸಿದೆ. ನೀರು ತುಂಬಿಸಿ, ಹುಲ್ಲಿನ ಪರದೆ ತೋಯಿಸಿ, ಗುಂಡಿ ಒತ್ತಿದರೆ ವಿಜಯಪುರದಲ್ಲಿ ಹೊದಿಕೆ ಬೇಕೆನಿಸುತ್ತದೆಯಲ್ಲ, ಅದೇ ಕೂಲರ್. ಇಲ್ಲಿ ಅದು ಸಂಜೆಯವರೆಗೆ ಗಿರಗಿರ ತಿರುಗಿತು. ಸಂಜೆಗೆ ನೋಡಿದರೆ ನೆಲ ಜಾರುತ್ತಿತ್ತು, ಹೊಲಿಯಲು ಮಡಚಿಟ್ಟ ಬಟ್ಟೆ ತಣ್ಣಗೆ ಒದ್ದೆಯಾಗಿತ್ತು, ಡಬ್ಬಿಯ ಶೇಂಗಾ ಚಟ್ನಿಪುಡಿ ಉಂಡೆ ಕಟ್ಟಿತ್ತು. ನಮ್ಮ ಗಾಳಿ ಒಣಗಿದ್ದು, ನೀರು ಕೊಟ್ಟರೆ ಕುಡಿದು ತಂಪಾಗುತ್ತದೆ. ಇಲ್ಲಿಯ ಗಾಳಿಗೆ ಮೊದಲೇ ಹೊಟ್ಟೆ ತುಂಬಿದೆ.

ಗಿರಿಜಕ್ಕ ಬಂದು ಕೂಲರನ್ನು ಸುತ್ತು ಹಾಕಿ ನೋಡಿದರು. "ಸೆಕೆಗ್ ನೀರ್ ಕುಡ್ಸಿರೆ ಅದ್ ಮತ್ತೂ ಕೊಬ್ಬತ್ತ್ ಮರಾಯ್ತಿ" ಎಂದರು. ಅವರು ನಕ್ಕಿದ್ದು ನನಗೆ ಸೇರಲಿಲ್ಲ.

ಅವರಾಡಿದ 'ಸೆಕೆ' ಎಂಬ ಒಂದು ಪದದಲ್ಲೇ ಎಲ್ಲ ಇತ್ತು, ನನಗೆ ಹೊಳೆಯಲಿಲ್ಲ ಅಷ್ಟೇ. ನಮ್ಮಲ್ಲಿ ಬೇಸಿಗೆಯೆಂದರೆ ಬಿಸಿಲು. 'ಬಿಸಲು ಭಾಳ ಐತಿ' ಎನ್ನುತ್ತೇವೆ. ಇಲ್ಲಿ ಯಾರೂ ಬಿಸಿಲನ್ನು ಬೈಯುವುದಿಲ್ಲ, 'ಸೆಕೆ' ಎನ್ನುತ್ತಾರೆ. ಸೆಕೆ ಎಂಬ ಮಾತು ನಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇವರ ಬಾಯಲ್ಲಿ ಅದು ಮೈಮೇಲೆ ಬಂದು ಕೂತು ಏಳದ ನೆಂಟ. ಬಿಸಿಲು ಹೊರಗಿನಿಂದ ಬರುವುದು, ಬಾಗಿಲು ಹಾಕಿದರೆ ಮುಗಿಯಿತು. ಸೆಕೆ ಒಳಗೇ ಇರುವುದು, ಬಾಗಿಲು ತೆರೆದು ಕಳಿಸಬೇಕು.

ನಾವು ಕಳಿಸಲಿಲ್ಲ. ಬದಲಿಗೆ ಏಸಿ ತಂದೆವು. ವರ್ಗವಾಗಿ ಹೊರಟಿದ್ದ ಸಹೋದ್ಯೋಗಿಯೊಬ್ಬರು ಬಿಟ್ಟುಹೋಗುತ್ತಿದ್ದುದನ್ನು ಇವರು ಕೊಂಡು ತಂದು ಮಲಗುವ ಕೋಣೆಗೆ ಹಾಕಿಸಿದರು. ಈಗ ಕೇರಿಯಲ್ಲಿ ಮನೆಮನೆಗೂ ಏಸಿ. ಮುಂಬಯಿಯಲ್ಲಿ ಹೋಟೆಲು ಇಟ್ಟವರು ರಜೆಗೆ ಬಂದಾಗ ಇರಲಿ ಎಂದು ಹಾಕಿಸಿಕೊಂಡದ್ದು ವರ್ಷವಿಡೀ ನಡೆಯುತ್ತಿದೆ. ಎಲ್ಲರೂ ಒಟ್ಟಿಗೆ ಹಚ್ಚಿದರೆ ವೋಲ್ಟೇಜು ಕುಸಿಯುತ್ತದೆ. ನಮ್ಮ ಏಸಿ ಗೊರಗೊರ ಎಂದು ನಿಲ್ಲುತ್ತಿತ್ತು, ನಡುಮನೆಯ ಫ್ಯಾನಿನ ರೆಕ್ಕೆಗಳನ್ನು ಎಣಿಸಬಹುದಿತ್ತು. ಏಸಿ ನಡೆದ ದಿನ ಮನೆಯೆಂದರೆ ಆ ಒಂದೇ ಕೋಣೆ. ಅಡುಗೆಮನೆಗೆ ಹೋದರೆ ಮುಖಕ್ಕೆ ಒದ್ದೆ ಕಂಬಳಿ ಹೊದಿಸಿದಂತೆ. ಹೊಲಿಗೆ ಯಂತ್ರ ಆ ಕೋಣೆಯಲ್ಲಿ ಹಿಡಿಸದು. ಅತ್ತೆಗೆ ಮಂಡಿನೋವು ಶುರುವಾಯಿತು. ಮೀನಿನಂಗ ನನ್ನ ಬರ್ಫದಾಗ ಇಟ್ಟೀರಿ ಎಂದು ಮಗನಿಗೆ ಅಂದರು. ಬಂದರಿನಲ್ಲಿ ಮಂಜುಗಡ್ಡೆ ಹಾಕಿದ ಪೆಟ್ಟಿಗೆಗಳನ್ನು ಅವರು ನೋಡಿ ಬಂದಿದ್ದರು. ಮಗ ಕರೆಂಟು ಬಿಲ್ಲನ್ನು ಮಡಚಿ ಕಿಸೆಗೆ ಹಾಕಿಕೊಂಡರು.

ಯುಗಾದಿ ಹತ್ತಿರ ಬಂದಾಗ ಅತ್ತೆ ಗಂಟು ಕಟ್ಟಿದರು. ನಾನು ಅಡ್ಡ ನಿಂತೆ. ಅವರು ಜಗಳ ಮಾಡಿದ್ದರೆ ಗೆಲ್ಲುತ್ತಿದ್ದೆನೇನೋ. ಜಗಳ ಮಾಡಲಿಲ್ಲ.

"ಅಲ್ಲಿ ಬಿಸಲು ಹೊರಗಿರತೈತಿ, ನಾ ಒಳಗಿರತೀನಿ. ಇಲ್ಲಿ ಎಲ್ಲಾ ಒಳಗ ಐತಿ. ನಾ ಎಲ್ಲಿರಲಿ ಹೇಳು" ಎಂದರು. ನಾನು ದಾರಿ ಬಿಟ್ಟೆ. ಮಗನೇ ಅವರನ್ನು ಊರಿಗೆ ಮುಟ್ಟಿಸಿ ಬಂದರು.

ಅವರು ಹೋದ ಮೇಲೆ ನಾನು ಈ ಊರನ್ನು ಮನಸಾರೆ ಬೈದೆ. ಒಣಗದ ಸೀರೆಯನ್ನು, ಬೂಸಲು ಹಿಡಿದ ಜೋಳದ ಹಿಟ್ಟನ್ನು, ಹತ್ತದ ಬೆಂಕಿಕಡ್ಡಿಯನ್ನು ಬೈದೆ. ಬೈದರೂ ಹೂಂಗುಡುವವರು ಯಾರೂ ಇರಲಿಲ್ಲ. ಹೊಲಿಯುವಾಗ ಕತ್ತರಿ ಕೈಜಾರಿ ಕಪಾಟಿನ ಹಿಂದೆ ಬಿತ್ತು. ಪಶ್ಚಿಮದ ಗೋಡೆಗೆ ತಾಗಿಸಿ ನಿಲ್ಲಿಸಿದ ಉಕ್ಕಿನ ಕಪಾಟು. ಅಲ್ಲಿರುವ ಕಿಟಕಿಯಿಂದ ಸಂಜೆ ಬಿಸಿಲು ಬರುತ್ತದೆಂದು ಸಾಮಾನು ಇಳಿಸಿದ ದಿನವೇ ನಾನೇ ಅದನ್ನು ಅಲ್ಲಿ ಅಡ್ಡ ಇಡಿಸಿದ್ದೆ. ಸಿಟ್ಟಿನಲ್ಲಿ ಎಳೆದೆ. ಕತ್ತರಿ ಸಿಕ್ಕಿತು. ಕಿಟಕಿಯ ಚಿಲಕ ತುಕ್ಕು ಹಿಡಿದಿತ್ತು, ಅದನ್ನೂ ಸಿಟ್ಟಿನಲ್ಲೇ ಗುದ್ದಿದೆ. ತೆರೆದುಕೊಂಡಿತು, ಸಮುದ್ರದ ಗಾಳಿ ಭರ್ರೆಂದು ಒಳಗೆ ನುಗ್ಗಿ ಬೆಳಕಿಗೆಂದು ಸ್ವಲ್ಪ ತೆರೆದಿದ್ದ ಎದುರಿನ ಕಿಟಕಿಯ ಪರದೆಯನ್ನು ಹೊರಕ್ಕೆ ಎಸೆಯಿತು. ಕುತ್ತಿಗೆಯ ಬೆವರು ಆರಿತು. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆ ಗಾಳಿ ಇಷ್ಟು ದಿನ ಕಪಾಟಿನಲ್ಲಿದ್ದ ನಮ್ಮ ಸೀರೆಗಳ ಹಿಂದೆಯೇ ನಿಂತು ಕಾಯುತ್ತಿತ್ತು. ಅತ್ತೆಯನ್ನು ಕಳಿಸಿಕೊಟ್ಟು ಆಗಿತ್ತು.

ಗಾಳಿ ಬರುವ ದಿಕ್ಕಿನಿಂದಲೇ ಸಂಜೆ ಬಿಸಿಲೂ ಬರುತ್ತದೆ ಎಂಬುದು ಈ ಊರಿನ ಇನ್ನೊಂದು ತಲೆನೋವು. ಕಿಟಕಿಯ ಹೊರಗೆ ಮಡಲು ಕಟ್ಟಿದರೆ, ಅಂದರೆ ಹೆಣೆದ ತೆಂಗಿನ ಗರಿ ಕಟ್ಟಿದರೆ, ಬಿಸಿಲು ಹೊರಗೆ ನಿಂತು ಗಾಳಿ ಒಳಗೆ ಬರಬಹುದೆಂದು ಲೆಕ್ಕ ಹಾಕಿದೆ. ಗಿರಿಜಕ್ಕ ಸುತರಾಂ ಒಪ್ಪಲಿಲ್ಲ. ಬಣ್ಣ ಹೊಡೆದ ತಾರಸಿ ಮನೆಗೆ ಮಡಲು ಕಟ್ಟಿದರೆ ನೋಡಿದವರು ಏನೆಂದಾರು ಎಂದರು. ಹಿತ್ತಲಲ್ಲಿ ಅವರದೇ ಹಳೆಯ ಹೆಂಚಿನ ಮನೆ ಇದೆ. ಎತ್ತರದ ಮಾಡು, ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಒಳಗೆ ಹೋದರೆ ಫ್ಯಾನಿನ ನೆನಪಾಗುವುದಿಲ್ಲ. ಅದನ್ನೇ ಬಾಡಿಗೆಗೆ ಕೊಡಿ ಎಂದು ಕೇಳಿದೆ.

"ಅದ್ರಗೆ ಬಲೆ ಹಾಕೂದ್ ಮರಾಯ್ತಿ, ಮನ್ಷರ್ ಇಪ್ದಾ?" ಎಂದರು.

ಮೀನುಬಲೆ ಹೆಂಚಿನಡಿ ತಂಪಾಗಿ ಮಲಗಿತ್ತು, ಮನುಷ್ಯರು ಕಾಂಕ್ರೀಟಿನಲ್ಲಿ ಬೇಯುತ್ತಿದ್ದರು. ಇದನ್ನು ಬಾಯಿಬಿಟ್ಟು ಹೇಳುವಷ್ಟು ಅವರ ಭಾಷೆ ನನಗೆ ಬರುತ್ತಿರಲಿಲ್ಲ, ಅದು ಒಳ್ಳೆಯದೇ ಆಯಿತು.

ಕಡೆಗೆ ದಾರಿ ತೋರಿಸಿದ್ದು ಅವರದೇ ಸೊಪ್ಪು. ಇಲ್ಲಿ ಬಸಳೆ ಚಪ್ಪರ ಇಲ್ಲದ ಮನೆ ಇಲ್ಲ. ಬಸಳೆಯೆಂದರೆ ದಪ್ಪ ಎಲೆಯ ಬಳ್ಳಿ, ಬೇಯಿಸಿದರೆ ಲೋಳೆಲೋಳೆ. ಅತ್ತೆ ಒಮ್ಮೆ ತಿಂದು, ಇದನ್ನು ನುಂಗಬೇಕೋ ಉಗುಳಬೇಕೋ ಎಂದು ಕೇಳಿದ್ದರು. ಆ ಚಪ್ಪರದ ಬಗ್ಗೆ ಯಾರಿಗೂ ನಾಚಿಕೆಯಿಲ್ಲ. ಪಶ್ಚಿಮದ ಕಿಟಕಿಯ ಹೊರಗೆ ಬಸಳೆ ಹಾಕುತ್ತೇನೆ ಎಂದೆ. ಗಿರಿಜಕ್ಕನ ಮುಖ ಅರಳಿತು, ತಾವೇ ದಂಟು ತಂದು ನೆಟ್ಟರು, ಗೂಟ ಹುಗಿಸಿದರು. ಬಳ್ಳಿ ಏರುವವರೆಗೆ ಎಳೆ ಕುಡಿ ಬಾಡಬಾರದೆಂದು ಚಪ್ಪರದ ಮೇಲೆ ಮಡಲು ಹೊದಿಸಿದವರೂ ಅವರೇ. ಮನೆಗೆ ಕಟ್ಟಬಾರದ ಮಡಲನ್ನು ಸೊಪ್ಪಿಗೆ ಕಟ್ಟಬಹುದು. ನಾನು ಹಗ್ಗ ಎತ್ತಿಕೊಟ್ಟೆ. ಇಲ್ಲಿಗೆ ಬಂದ ಮೇಲೆ ನಾನು ಗೆದ್ದ ಮೊದಲ ಜಗಳ ಅದು, ಜಗಳವಾಡದೆ ಗೆದ್ದದ್ದು.

ಈಗ ಹೊಲಿಗೆ ಯಂತ್ರ ಆ ಕಿಟಕಿಯ ಹತ್ತಿರವಿದೆ. ಹಗಲು ಟ್ಯೂಬ್‌ಲೈಟು ಬೇಕಿಲ್ಲ. ರೊಟ್ಟಿ ಬಡಿಯುವುದು, ಇಸ್ತ್ರಿ ತಿಕ್ಕುವುದು ಬೆಳಗಿನ ತಂಪಿಗೇ ಮುಗಿಯುತ್ತದೆ. ಏಸಿಯ ಮೇಲೆ ಬಟ್ಟೆ ಮುಚ್ಚಿದ್ದೇನೆ. ಸೆಕೆ ಹೋಗಿಲ್ಲ, ಆದರೆ ಕೂರುವುದಿಲ್ಲ, ಬಂದು ಹೋಗುತ್ತಿರುತ್ತದೆ. ಅತ್ತೆಗೆ ಫೋನಿನಲ್ಲಿ ಹೇಳಿದೆ, ಬನ್ನಿರಿ, ಮನೆ ತಂಪಾಗಿದೆ. ಖಿಡಕಿ ತಗದು ತಂಪ ಮಾಡ್ಯಾಳಂತ ಎಂದು ಅವರು ಪಕ್ಕದಲ್ಲಿದ್ದ ಯಾರಿಗೋ ಹೇಳಿ ನಕ್ಕರು. ನಂಬದವರನ್ನು ಕರೆತರಲು ನಾನೇ ವಿಜಯಪುರಕ್ಕೆ ಹೊರಟೆ.

ಬಿಸಿಲು ಉರಿಯುತ್ತಿದ್ದ ಮಧ್ಯಾಹ್ನ. ಭಾವನ ಮನೆ ಎಂದಿನಂತೆ ಮುಚ್ಚಿ ತಂಪಾಗಿತ್ತು. ಉಂಡು ಎಲ್ಲರೂ ಅಡ್ಡಾದರು. ನನಗೆ ಉಸಿರು ಕಟ್ಟಿದಂತಾಯಿತು. ಬೆವರಿರಲಿಲ್ಲ, ಸೆಕೆ ಇರಲಿಲ್ಲ, ಆದರೂ ಮೈ ಗಾಳಿ ಕೇಳುತ್ತಿತ್ತು. ಎದ್ದು ಹೋಗಿ, ಏನು ಮಾಡುತ್ತಿದ್ದೇನೆ ಎಂಬ ಪರಿವೆಯೇ ಇಲ್ಲದೆ, ಕಿಟಕಿಯ ಕದ ಪೂರ್ತಿ ತೆರೆದೆ. ಝಳ ಮುಖಕ್ಕೆ ರಾಚಿತು. ಮಲಗಿದ್ದವರೆಲ್ಲ ಎದ್ದು ಕೂತರು. ಅತ್ತೆ ತಾವೇ ಬಂದು ಕದ ಮುಂದೆ ಮಾಡಿದರು.

"ಅಲ್ಲಿ ಹೋಗಿ ಮುಚ್ಚಿದಿ, ಇಲ್ಲಿ ಬಂದು ತಗದಿ. ನೀ ಯಾವೂರಾಕಿ ಆದಿ?" ಎಂದರು. ಬೈಗುಳದ ದನಿ ಅಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಅವರು ಬರಲಿಲ್ಲ. ಮೈಯ ಬೆವರುಸಾಲೆ ಈಗಷ್ಟೇ ಮಾಸಿದೆ, ಇನ್ನೊಂದು ಊರು ಕಲಿಯುವ ವಯಸ್ಸಲ್ಲ ಎಂದರು. ಚಟ್ನಿಪುಡಿ ಕಟ್ಟಿಕೊಟ್ಟರು, ಗಾಳಿಯಾಡದ ಡಬ್ಬಿಯಲ್ಲಿ ಹಾಕಿಡು ಎಂದು ಹೇಳಿದರು.

ಬಸ್ಸು ಘಟ್ಟ ಇಳಿಯುವಾಗ ನಸುಕು ಹರಿಯುತ್ತಿತ್ತು. ಕಿಟಕಿಯಿಂದ ಒದ್ದೆ ಗಾಳಿ ಬಂದು ಒಣಗಿ ಬಿರಿದಿದ್ದ ತುಟಿಗೆ ತಾಗಿತು. ಹಾಯೆನಿಸಿತು. ಹಾಯೆನಿಸಿದ್ದಕ್ಕೇ ನನ್ನ ಮೇಲೆ ಸಿಟ್ಟು ಬಂತು. ಮನೆ ಮುಟ್ಟಿದಾಗ ಗಿರಿಜಕ್ಕ ಬಸಳೆಗೆ ನೀರು ಹಾಕುತ್ತಿದ್ದರು. ಅತ್ತೆ ಬರಲಿಲ್ಲವೇ ಎಂದು ಕೇಳಿದರು. ಇಲ್ಲ ಎನ್ನಲು ಹೋಗಿ 'ಇಲ್ಲೆ' ಎಂದೆ. ಬಾಯಿಂದ ಬಿದ್ದ ಮೇಲೆ ತಿಳಿಯಿತು, ಅದು ಅವರ ಮಾತು.

ಅಂದಿನಿಂದ ಅತ್ತೆ ದಿನವೂ ಮಧ್ಯಾಹ್ನ ಫೋನು ಮಾಡುತ್ತಾರೆ. ಉಂಡೆಯಾ ಎಂದು ಕೇಳುವ ಮೊದಲೇ ಆ ಪ್ರಶ್ನೆ.

"ಖಿಡಕಿ ಮುಂದ ಮಾಡೀಯಿಲ್ಲ?"

ಎದುರಿಗೆ ಕಿಟಕಿ ಹಾರು ಹೊಡೆದಿರುತ್ತದೆ. ಬಸಳೆ ಎಲೆಗಳು ಅಲ್ಲಾಡುತ್ತಿರುತ್ತವೆ. ಹೊಲಿಯುತ್ತಿದ್ದ ಬಟ್ಟೆ ಗಾಳಿಗೆ ಹಾರದಂತೆ ಮೊಣಕೈಯಲ್ಲಿ ಒತ್ತಿ ಹಿಡಿದುಕೊಂಡು ನಾನು ಹೇಳುತ್ತೇನೆ:

"ಮಾಡೀನ್ರಿ, ಅತ್ತಿ."