ಮೇಷ್ಟ್ರ ಕಡ್ಡಿಗೆ ನಾನು ಕೊಡದ ಉತ್ತರ

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಕೊಳ್ಳೇಗಾಲದಲ್ಲಿ ಮಧುವನಹಳ್ಳಿ ರಸ್ತೆಯಲ್ಲಿ ವೆಲ್ಡಿಂಗ್ ಶೆಡ್ ಹಾಕಿಕೊಂಡು, ಗೇಟು, ಗ್ರಿಲ್ಲು, ಟ್ರಾಕ್ಟರ್ ಟ್ರೈಲರು ಅಂತ ಕೈಗೆ ಸಿಕ್ಕಿದ್ದೆಲ್ಲ ಮಾಡಿ ನಿಂತವನು. ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೇ ಅಂತಲೇ ಇಟ್ಟುಕೊಳ್ಳಿ, ಕೆಲಸ ಕೆಟ್ಟಿದ್ದೂ ಅಲ್ಲೇ.

ಮಾಂಬಳ್ಳಿಯಲ್ಲಿ ಒಬ್ಬರು ರಿಟೈರಾದ ಮೇಷ್ಟ್ರು. ಅವರ ಮನೆ ಮೆಟ್ಟಿಲಿಗೆ ಕಂಬಿ ಹಾಕಲು ಹೋದಾಗ, ಒಳಗೆ ರೇಡಿಯೋದಲ್ಲಿ ಯಾರೋ ಮಾತಾಡುತ್ತಿದ್ದರು, ಮೇಷ್ಟ್ರು ಉತ್ತರ ಕೊಡುತ್ತಿದ್ದರು. ಲೈಸೆನ್ಸ್ ಇರುವವರು ಹವ್ಯಾಸಕ್ಕೆ ತಮ್ಮತಮ್ಮಲ್ಲೇ ಮಾತಾಡುವ ಹ್ಯಾಮ್ ರೇಡಿಯೋ ಅಂತ ಒಂದಿದೆ ಅಂತ ಅವತ್ತು ತಿಳಿಯಿತು. ಎರಡು ವರ್ಷ ಭಾನುವಾರ ಭಾನುವಾರ ಬಸ್ಸು ಹತ್ತಿ ಹೋಗಿ ಕಲಿತೆ. ಅವರ ಹತ್ತಿರ ಕಲಿಯಲು ಬಂದವರು ಬಹಳ ಜನ. ಪರೀಕ್ಷೆ ಪಾಸಾಗಿ ಲೈಸೆನ್ಸ್ ತಕ್ಕೊಂಡವನು ನಾನೊಬ್ಬನೇ. ಮೇಷ್ಟ್ರು ಇದನ್ನು ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಆಮೇಲೆ ಒಂದು ಬೆಳಿಗ್ಗೆ ನನ್ನ ಶೆಡ್ಡಿಗೇ ಬಂದರು. ಕೈಯಲ್ಲಿ ಮೊಳದುದ್ದದ ಹಿತ್ತಾಳೆ ಕಡ್ಡಿ, ಅದರ ಬುಡಕ್ಕೆ ಅಯಸ್ಕಾಂತ, ಅಲ್ಲಿಂದ ವಾಕಿಟಾಕಿಗೆ ಒಂದು ವೈರು. ಆಕಾಶದಲ್ಲಿ ಹಾದುಹೋಗುವ ಉಪಗ್ರಹ ನಮ್ಮ ಮಾತು ಹಿಡಿದು ದೂರದ ಊರುಗಳಿಗೆಲ್ಲ ಮತ್ತೆ ಬಿಡುತ್ತದೆ. ಇದ್ದರೆ ಹತ್ತು ನಿಮಿಷ, ಆಮೇಲೆ ಮುಳುಗುತ್ತದೆ. ಅದಕ್ಕೆ ಇಷ್ಟು ಕಡ್ಡಿ ಸಾಕು ಅಂದರು. ನಾನು ಕಡ್ಡಿ ಕಿತ್ತುಕೊಂಡು, ಉಪಗ್ರಹ ಇಲ್ಲಿದೆ ಅಂತ ಫೋನಿನ ಆಪ್ ತೋರಿಸಿದ ದಿಕ್ಕಿಗೆ ಬಂದೂಕದ ಹಾಗೆ ಗುರಿ ಹಿಡಿದೆ. ಬರೀ ಗೊರಗೊರ.

"ತುದಿ ಕಿವುಡು ಕಣಪ್ಪ! ಅದರ ಕಿವಿ ಇರೋದು ಪಕ್ಕಕ್ಕೆ. ನೆಟ್ಟಗೆ ನಿಲ್ಸು, ಅಷ್ಟೇ," ಅಂತ ಮೇಷ್ಟ್ರು ನಕ್ಕು, ಶೆಡ್ಡಿನ ಮುಂದೆ ಬಿದ್ದಿದ್ದ ತಗಡಿನ ಮೇಲೆ ಕಡ್ಡಿ ನಿಲ್ಲಿಸಿದರು. ಎಲ್ಲಿಯವನದೋ ದನಿ ಸ್ಪಷ್ಟವಾಗಿ ಬಂತು.

ಪಕ್ಕದ ಪಂಚರ್ ಅಂಗಡಿಯವನು ನೋಡುತ್ತಾ ನಿಂತಿದ್ದ. "ಏನಣ್ಣೋ, ಕಾಗೆ ಒಡೀತಿದ್ಯಾ? ಮೇಷ್ಟ್ರು ಮುಂದೆ ಪೇಲಾಗ್ಬುಟ್ಟಲ್ಲ!" ಅಂದ. ಒಂದು ತಿಂಗಳು ನನ್ನನ್ನು 'ತುದಿ ಕಿವುಡಣ್ಣ' ಅಂತಲೇ ಕರೆದ.

ಉರಿ ಬಂದದ್ದು ಅವನ ಮೇಲಲ್ಲ, ಮೇಷ್ಟ್ರ ಮೇಲೆ. ಅವರ ಕಡ್ಡಿಯನ್ನು ಮೀರಿಸುವ ಆಂಟೆನಾ ಮಾಡುತ್ತೇನೆ ಅಂತ ಹೊರಟೆ. ಚೌಕ ಪೈಪಿಗೆ ಸಾಲಾಗಿ ಕಡ್ಡಿಗಳು, ಎಲ್ಲ ದಿಕ್ಕಿಗೂ ತಿರುಗಿಸಲು ಬೇರಿಂಗು. ಸತ್ತೇಗಾಲದಿಂದ ರಿಪೇರಿಗೆ ಬಂದ ಕಬ್ಬಿನ ಟ್ರೈಲರನ್ನೂ ಪಕ್ಕಕ್ಕೆ ತಳ್ಳಿ ಅದಕ್ಕೇ ಬಿದ್ದೆ.

ಮೇಷ್ಟ್ರು ಫೋನು ಮಾಡುತ್ತಿದ್ದರು. "ನಾಳೆ ಏಳೂವರೆಗೆ ಒಂದು ಹಾದು ಹೋಗ್ತದೆ. ನಾನು ಇಲ್ಲಿಂದ ಕರೀತೀನಿ, ನೀನು ಅಲ್ಲಿಂದ ಉತ್ತರ ಕೊಡು. ಯಾರ ಜೊತೆ ಮಾತಾಡ್ದೆ ಅಂತ ಬರೆದಿಡೋ ಪುಸ್ತಕದಲ್ಲಿ ನನ್ನ ಶಿಷ್ಯ ಅಂತ ಒಂದು ಸಾಲು ಬರ್ಕೋತೀನಿ."

"ನನ್ ಆಂಟೆನಾ ಮುಗೀಲಿ ಸಾ. ಮಾತಾಡಕೆ ಮಾಂಬಳ್ಳಿಗೆ ಬಸ್ಸಿಲ್ವಾ?"

"ಕಡ್ಡೀಲೇ ಮಾಡೋಣಪ್ಪ. ಬೇಗ ಮಾಡೋಣ."

ಯಾಕೆ ಬೇಗ ಅಂತ ನಾನು ಕೇಳಲಿಲ್ಲ. ಹೀಗೆ ಮೂರು ಸಲ ಆಯಿತು. ಮೂರು ಬೆಳಿಗ್ಗೆಯೂ ಅವರು ಅಂಗಳದಲ್ಲಿ ಅಂಥದೇ ಇನ್ನೊಂದು ಕಡ್ಡಿ ನಿಲ್ಲಿಸಿಕೊಂಡು ನನ್ನ ಕಾಲ್‌ಸೈನ್, ಅಂದರೆ ಲೈಸೆನ್ಸಿನಲ್ಲಿ ಕೊಟ್ಟ ರೇಡಿಯೋ ಹೆಸರು, ಕೂಗಿದರು. ಮೂರನೇ ಸಲ, ನನಗೇ ಅಂತ ಶೆಡ್ಡಿನಲ್ಲಿ ಬಿಟ್ಟುಹೋಗಿದ್ದ ಅವರ ಕಡ್ಡಿಯನ್ನೇ ತಗಡಿನ ಮೇಲಿಟ್ಟು ನಾನು ವಾಕಿಟಾಕಿ ಹಾಕಿದ್ದೆ. ಕೇಳಿಸಿತು, ಸುಳ್ಳು ಹೇಳುವುದಿಲ್ಲ. ಹಾಜರಿ ಕರೆಯುವ ಹಾಗೆ ನಿಧಾನವಾಗಿ, ನಡುವೆ ಬಿಟ್ಟು ಬಿಟ್ಟು ಕರೆಯುತ್ತಿದ್ದರು. ಬಟನ್ ಒತ್ತಿದರೆ ಸಾಕಿತ್ತು. ಒತ್ತಲಿಲ್ಲ. ಗ್ರೈಂಡರ್ ಹಾಕಿಕೊಂಡು ಪೈಪು ಉಜ್ಜುತ್ತಾ ನಿಂತೆ.

ದೊಡ್ಡ ಆಂಟೆನಾ ಮಳೆಗಾಲ ಕಳೆದ ಮೇಲೆ ಮುಗಿಯಿತು. ಅದರ ಭಾರಕ್ಕೆ ನಾನು ತಿರುಗಿಸುವಷ್ಟರಲ್ಲಿ ಉಪಗ್ರಹ ಮುಳುಗಿರುತ್ತಿತ್ತು. ಕೊನೆಗೆ ಒಂದು ಭಾನುವಾರ ಮಾಂಬಳ್ಳಿ ಬಸ್ಸು ಹತ್ತಿದೆ. ಮೇಷ್ಟ್ರು ಜಗಲಿಯಲ್ಲಿ ಬೆನ್ನು ಹಾಕಿ ಕೂತಿದ್ದರು. "ಸಾ" ಅಂದೆ. ಮೂರು ಸಲ ಅಂದರೂ ತಿರುಗಲಿಲ್ಲ.

ಅವರ ಮನೆಯವರು ಹೊರಗೆ ಬಂದರು. "ಕೂಗ್ಬೇಡಿ, ಕೇಳ್ಸಲ್ಲ. ಕಿವಿ ಓಯ್ತಾ ಇದೆ ಅಂತ ಡಾಕ್ಟ್ರು ಮೊದ್ಲೇ ಹೇಳಿದ್ರು. ಈಗ ಮಿಷಿನ್ ಹಾಕಿದ್ರೂ ಆಗಲ್ವಂತೆ. ನಿಮಗೆ ಹೇಳಿರ್ನಿಲ್ವಾ?"

ಮೇಷ್ಟ್ರು ನನ್ನನ್ನು ನೋಡಿ ಎದ್ದರು, ಪೆನ್ಸಿಲ್ಲು ನೋಟ್‌ಬುಕ್ಕು ಕೈಗೆ ಕೊಟ್ಟರು. ನನ್ನ ಅಕ್ಷರ ನಾನು ಯಾರಿಗೂ ತೋರಿಸುವವನಲ್ಲ. ಕೂತು ಬರೆದೆ: 'ನಂದೇ ತಪು ಸಾ.' ಅವರು ಪೆನ್ಸಿಲ್ಲು ಇಸ್ಕೊಂಡು ಒತ್ತಕ್ಷರ ಸೇರಿಸಿ, "ತಪ್ಪು ಅಂತ ಬರೆಯೋದ್ರಲ್ಲೂ ತಪ್ಪಾ?" ಅಂತ ಜೋರಾಗಿ ನಕ್ಕರು. ತಮ್ಮ ನಗು ತಮಗೇ ಕೇಳದವರ ನಗು.

ಮತ್ತೆ ಬರೆದೆ: ಮೂರನೇ ದಿನ ನಿಮ್ಮ ದನಿ ಕೇಳಿಸಿತ್ತು ಸಾ, ಬೇಕಂತಲೇ ಉತ್ತರ ಕೊಡಲಿಲ್ಲ. ಅವರು ಎರಡು ಸಲ ಓದಿದರು. ಬೈಯುತ್ತಾರೆ ಅಂದುಕೊಂಡೆ.

"ಕೇಳಿಸ್ತಾ? ಹೆಂಗಿತ್ತು?" ಅಂದರು.

'ಎದುರಿಗೆ ನಿಂತಂಗೆ' ಅಂತ ಬರೆದೆ. ತಲೆಯಾಡಿಸಿದರು. ಧೈರ್ಯ ಬಂದು ಇನ್ನೊಂದು ಸಾಲು ಸೇರಿಸಿದೆ: ನಾಳೆ ನೀವು ಕರೀರಿ, ನಾನು ಕೊಳ್ಳೇಗಾಲದಿಂದ ಉತ್ತರ ಕೊಡ್ತೀನಿ, ಪುಸ್ತಕದಲ್ಲಿ ಬರ್ಕೊಳ್ಳಿ.

ಮೇಷ್ಟ್ರು ನೋಟ್‌ಬುಕ್ಕು ಮುಚ್ಚಿದರು. "ಅದು ಆಗಲ್ಲ ಕಣಪ್ಪ. ಇಬ್ಬರಿಗೂ ಕೇಳಿಸಿದ್ರೇನೇ ಅದು ಮಾತು. ನಾನು ಕೇಳದೆ ಹೆಂಗೆ ಬರೀಲಿ?"

ಕಾಫಿ ಬಂತು, ಕುಡಿದೆ. ಬಸ್ಸಿನ ಹೊತ್ತಾಯಿತು ಅಂತ ಕೈಸನ್ನೆಯಲ್ಲಿ ಹೇಳಿ ಎದ್ದೆ. ಆ ಸಾಲು ಅವರ ಪುಸ್ತಕದಲ್ಲಿ ಇಲ್ಲ. ನನ್ನದರಲ್ಲೂ ಇಲ್ಲ.