ಬಾಡಿಗೆಗೆ ಚಂದ್ರಿಕೆ ಕೊಡುತ್ತಿದ್ದಾಕೆ

ಆಕೆಯ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿತ್ತು. ಹಸಿ ಬಿದಿರು ಸೀಳುವಾಗ ಕತ್ತಿ ಜಾರಿ ಆದದ್ದು, ಮತ್ತೆ ಕೂಡಿಕೊಳ್ಳಲಿಲ್ಲ. ಬಿದಿರಿನ ಎಳೆಯನ್ನು ಆ ಸೀಳಿಗೇ ಸಿಕ್ಕಿಸಿ, ಎಳೆದು, ನುಣುಪು ಮಾಡುತ್ತಿದ್ದಳು.

ನಮ್ಮೂರು ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿತ್ತು. ಮನೆಮನೆಯಲ್ಲೂ ರೇಷ್ಮೆಹುಳು ಸಾಕುತ್ತಿದ್ದರು. ನಮ್ಮ ಮನೆಯ ಹುಳುವಿನ ಕೆಲಸ ನನ್ನ ಮೇಲಿತ್ತು. ಹುಳು ಹಣ್ಣಾದಾಗ ಅದನ್ನು ಗೂಡು ಕಟ್ಟಲು ಬಿಡುವ ಅಗಲವಾದ ಬಿದಿರಿನ ತಟ್ಟಿಯೇ ಚಂದ್ರಿಕೆ. ಬೆಳೆಗೆ ನಾಲ್ಕಾರು ದಿನ ಬೇಕು, ಆಮೇಲೆ ಮೂಲೆಗೆ ಬಿದ್ದಿರುತ್ತದೆ. ಕೊರಮರು ಅದನ್ನು ಹೆಣೆದು, ಕತ್ತೆಗಳ ಮೇಲೆ ಹೇರಿ, ಊರೂರು ತಿರುಗಿ ಮಾರುತ್ತಿದ್ದರು. ಕಳ್ಳರ ಜಾತಿಯೆಂದು ಸರ್ಕಾರ ಪಟ್ಟಿ ಮಾಡಿದ್ದರಿಂದ ಅವರ ಗಂಡಸರು ಹೋದ ಊರಲ್ಲೆಲ್ಲ ಪೊಲೀಸ್ ಠಾಣೆಗೆ ಮುಖ ತೋರಿಸಬೇಕಾಗಿದ್ದ ಕಾಲ ಅದು.

ಆಕೆಯೂ ಕೊರಮರವಳೇ. ಗಂಡ ಸತ್ತ ಮೇಲೆ ಮಗಳೊಂದಿಗೆ ನಮ್ಮೂರ ಕೆರೆಯ ಕೆಳಗೆ ಗುಡಿಸಲು ಹಾಕಿದಳು. ಚಂದ್ರಿಕೆ ಮಾರುವುದನ್ನು ನಿಲ್ಲಿಸಿ ಬಾಡಿಗೆಗೆ ಕೊಡತೊಡಗಿದಳು. ಬಾಡಿಗೆ ಎಂದರೆ ರಾಗಿ. ಸುತ್ತಮುತ್ತ ಅಂಥದ್ದನ್ನು ಅದುವರೆಗೆ ಯಾರೂ ಮಾಡಿರಲಿಲ್ಲ. ಊರು ಆಕೆಯನ್ನು ಚಂದ್ರಿಕೆಯಮ್ಮ ಎಂದು ಕರೆಯಿತು.

“ಮಾರಿಬಿಟ್ರೆ ಒಂದೇ ಸಲ ಕೈತುಂಬಾ ಬರುತ್ತಲ್ಲಮ್ಮ?” ಎಂದು ನಾನೊಮ್ಮೆ ಕೇಳಿದ್ದೆ.

“ಮಾರಿದ್ರೆ ನಾಳೆ ನಾನು ಯಾರು ಅಂತ ನಿಮಗೆ ಗ್ಯಾನ ಇರ್ತದಾ ಸಾಮಿ?” ಎಂದಳು. “ನಮ್ಮವ್ವ ಸಾಯೋಗಂಟ ಕಂಡೋರ ಬಾಗ್ಲಲ್ಲಿ ನಿಂತು ಕೂಗಿದ್ಲು. ನನ್ನ ಬಾಗ್ಲಿಗೆ ನಾಕು ಜನ ಬರ್ಬೇಕು. ಅದಕ್ಕೇ ಈ ಬಾಡಿಗೆ. ಅಷ್ಟೇಯ.”

ಜನ ಬಂದರು. ಹುಳು ಹಣ್ಣಾದರೆ ಕಾಯುವುದಿಲ್ಲ. ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬರುತ್ತಿದ್ದರು. ಆಕೆ ಮಾತ್ರ ಅವಸರ ಮಾಡುತ್ತಿರಲಿಲ್ಲ. ವಾಪಸು ಬಂದ ಚಂದ್ರಿಕೆಗೆ ಅಂಟಿದ ನೂಲನ್ನು ಹುಲ್ಲಿನ ಉರಿ ತೋರಿಸಿ ಸುಟ್ಟು, ಬಿಸಿಲಿಗಿಟ್ಟು, ಕೊನೆಗೆ ಮೂಸಿ ನೋಡುತ್ತಿದ್ದಳು. ಹುಳಿವಾಸನೆ ಇದ್ದರೆ ಕೊಡುತ್ತಿರಲಿಲ್ಲ.

“ಬೇಗ ಕೊಡಮ್ಮೀ, ಹುಳ ಎಲ್ಲಾ ಹಣ್ಣಾಗೋಗದೆ!”

“ಹಣ್ಣಾಗಿರೋದು ಹುಳ, ನೀನ್ಯಾಕಪ್ಪಾ ಕುಣೀತೀಯ?”

ಬಂದವರಿಗಾಗಿ ಬಾಗಿಲ ಪಕ್ಕದಲ್ಲಿ ಮಣ್ಣಿನ ಜಗಲಿಯನ್ನೂ ಕಟ್ಟಿದ್ದಳು. ವಾರಕ್ಕೊಮ್ಮೆ ಸಾರಿಸುತ್ತಿದ್ದಳು. ಬಂದವರು ಬಿಸಿಲಲ್ಲೇ ನಿಲ್ಲುತ್ತಿದ್ದರು. ಅದರ ಮೇಲೆ ಒಬ್ಬರೂ ಕೂರುತ್ತಿರಲಿಲ್ಲ, ನಾನೂ ಸೇರಿ.

ಯುದ್ಧ ಬಂತು. ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿ ಗೂಡಿನ ಬೆಲೆ ಏರಿತು. ಎಲ್ಲರೂ ಹೆಚ್ಚು ಹುಳು ಸಾಕಿದರು, ಚಂದ್ರಿಕೆ ಸಾಲದಾಯಿತು. ಆಗಲೇ ಪಕ್ಕದೂರಿನ ಒಂದು ಮನೆಯವರು ರೋಗದ ಹುಳು ಬಿಟ್ಟಿದ್ದ ಚಂದ್ರಿಕೆಗಳನ್ನು ಆಕೆಯ ಬಾಗಿಲಿಗೆ ತಂದು ಹಾಕಿ, ರೋಗದ ಮಾತೆತ್ತದೆ ಹೋದರು. ಹುಳು ಕೆಟ್ಟರೆ ಬಾಯಿಬಿಟ್ಟು ಹೇಳಬಾರದೆನ್ನುವುದು ನಮ್ಮ ಕಡೆಯ ರೂಢಿ. ಹೇಳಿದರೆ ಮುಂದಿನ ಬೆಳೆಯೂ ಹೋಗುತ್ತದೆಂಬ ಭಯ.

ಅದೇ ದಿನ ನಮ್ಮೂರ ಗೌಡರು ಚಂದ್ರಿಕೆಗೆಂದು ತಾವೇ ಆಕೆಯಲ್ಲಿಗೆ ಹೋದರು. ಆ ಚಂದ್ರಿಕೆಗಳನ್ನೇ ಒಯ್ದರು. ಅವರ ಮನೆಯ ಹುಳು ಗೂಡು ಕಟ್ಟದೆ ಕಪ್ಪಾಗಿ ಕೊಳೆಯಿತು. ಆಮೇಲೆ ಅವರ ಬೀದಿಯ ಮನೆಗಳಲ್ಲೆಲ್ಲ ರೋಗ ಹರಡಿತು. ಕೊರಮರವಳು ಏನೋ ಮಾಡಿಸಿದ್ದಾಳೆಂದು ಮಾತೆದ್ದಿತು. ಜನ ಹೋಗಿ ಚಂದ್ರಿಕೆಗಳನ್ನೆಲ್ಲ ಕೆರೆಯಂಗಳಕ್ಕೆ ಎಳೆದು ತಂದು ರಾಶಿ ಹಾಕಿ ಬೆಂಕಿಯಿಟ್ಟರು. ಒಣ ಬಿದಿರು, ಗಂಟುಗಳು ಸಿಡಿಯುವ ಸದ್ದು ನಮ್ಮ ಮನೆಯವರೆಗೂ ಕೇಳಿಸಿತು. ಗೌಡರು ಅಲ್ಲಿಗೆ ಬರಲಿಲ್ಲ.

ಮರುದಿನ ಆಕೆಯ ಗುಡಿಸಲಿಗೆ ಹೋದೆ. ತಾಯಿ ಮಗಳು ಊರು ಬಿಡಲೆಂದು ಪಾತ್ರೆ ಕಟ್ಟುತ್ತಿದ್ದರು.

“ಮೂಸಿ ನೋಡಲಿಲ್ವೇನಮ್ಮ?”

“ನೋಡ್ದೆ. ವಾಸ್ನೆ ಇತ್ತು.”

“ಮತ್ತೆ ಯಾಕೆ ಕೊಟ್ಟೆ?”

ಕೈ ನಿಲ್ಲಿಸಿದಳು. “ಕೊಡಲ್ಲ ಅಂದೆ ಸಾಮಿ. ಗೌಡ್ರು ಹೋಗ್ಲಿಲ್ಲ. ಜಗಲಿ ಮ್ಯಾಲೆ ಕೂತ್ಕೊಂಡ್ಬಿಟ್ರು. ‘ಕುಡಿಯಕ್ಕೆ ಒಸಿ ನೀರು ಕೊಡಮ್ಮ’ ಅಂದ್ರು. ನನ್ನ ಕೈನಾಗಿನ ನೀರು! ಕುಡಿದ್ರು. ಆಮ್ಯಾಲೆ ಎಂಗೆ ಇಲ್ಲ ಅನ್ನಲಿ?”

ಇದನ್ನು ಊರಿಗೆ ಹೇಳೋಣವೆಂದೆ. ಬೇಡವೆಂದು ತಲೆಯಾಡಿಸಿದಳು. “ನೀರು ಕುಡಿದಿದ್ದನ್ನ ಅವರು ಒಪ್ಪಲ್ಲ. ಇಲ್ಲ ಅಂದ್ಬಿಟ್ರೆ ನನಗೆ ಅದೂ ಉಳಿಯಲ್ಲ.” ನಾನು ಯಾರಿಗೂ ಹೇಳಲಿಲ್ಲ. ಈಗ ಆಕೆಯೂ ಗೌಡರೂ ಇಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಆಮೇಲೆ ನಾನು ಪತ್ರಿಕೆಯ ಕೆಲಸಕ್ಕೆ ಸೇರಿದೆ. ಇಂಥ ಜನ ಸ್ವಂತ ಉದ್ಯೋಗಕ್ಕೆ ಏಕೆ ಕೈಹಾಕುತ್ತಾರೆಂಬ ಬಗ್ಗೆ ದೊಡ್ಡವರ ಭಾಷಣಗಳನ್ನು ವರದಿ ಮಾಡಿದ್ದೇನೆ. ಬಂಡವಾಳ, ಲಾಭ, ಪ್ರೋತ್ಸಾಹ ಎನ್ನುತ್ತಾರೆ. ಬರೆದುಕೊಳ್ಳುತ್ತೇನೆ. ನನಗೆ ಗೊತ್ತಿರುವುದು, ಬಾಗಿಲಿಗೆ ನಾಲ್ಕು ಜನ ಬರಬೇಕೆಂದು ಆಕೆ ಹೇಳಿದ್ದಷ್ಟೇ.

ಯುದ್ಧ ಮುಗಿದ ವರ್ಷ ರಜೆಗೆಂದು ಊರಿಗೆ ಹೋಗಿದ್ದೆ. ಬೀದಿಯಲ್ಲಿ “ಪೊರಕೆ, ಪೊರಕೆ” ಎಂದು ಕೂಗು ಕೇಳಿಸಿತು. ಚಂದ್ರಿಕೆಯಮ್ಮನ ಮಗಳು, ತಲೆಯ ಮೇಲೆ ಹೊರೆ. ಮಾಲೂರಿನ ಹತ್ತಿರ, ದಾರಿಯಲ್ಲಿ, ಜ್ವರ ಬಂದು ಅವ್ವ ಹೋಗಿಬಿಟ್ಟಳು ಎಂದಳು.

“ಈಗ ಎಲ್ಲಿದ್ದೀಯ ಮಗಾ?” ಎಂದು ನನ್ನ ತಾಯಿ ಕೇಳಿದರು.

“ಇವತ್ತು ಇಲ್ಲಿ, ನಾಳೆ ಆವನಿ ಕಡೆ ಅಮ್ಮಾ.”

ತಾಯಿ ಎರಡು ಪೊರಕೆ ತೆಗೆದುಕೊಂಡರು. ಹುಡುಗಿ ಹೊರೆ ಸರಿಮಾಡಿಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋಗಿ, ಹೊಸಿಲಿನಿಂದ ದೂರ ನಿಂತು, ಕೂಗಿದಳು.