ಕಾರಿನ ಮೇಲೆ ನಿಂತ ಸೈಕಲ್

ನಮ್ಮ ಅತ್ತಿಗೆ ದುರಗವ್ವ ಹಟ ಹಿಡಿದರೆ ಅವಳನ್ನು ಅಲ್ಲಾಡಿಸುವವರು ಮುಂಡರಗಿಯಲ್ಲಿ ಇರಲಿಲ್ಲ. ನನ್ನ ಅಣ್ಣ ಹೊಳೆಯಪ್ಪನೂ ಕಡಿಮೆಯವನಲ್ಲ. ರಜಾಕಾರರ ಗಲಾಟೆಯ ವರ್ಷ, ನಿಜಾಮನ ಗಡಿಯಾಚೆ ಕೊಟ್ಟಿದ್ದ ನಮ್ಮ ತಂಗಿಯನ್ನು ಕರೆತರುತ್ತೇನೆಂದು ಸೈಕಲ್ ಹತ್ತಿಯೇಬಿಟ್ಟ. ಬೇಡವೆಂದು ಹೇಳಿ ಹೇಳಿ ಸೋತ ದುರಗವ್ವ ಸಿಟ್ಟಿನಿಂದ ಒಲೆಯ ಮುಂದೆ ಕೂತಳೇ ಹೊರತು ಹೊಸ್ತಿಲಿಗೆ ಬರಲಿಲ್ಲ. ಗಂಡ ಹೋದದ್ದನ್ನು ಅವಳು ನೋಡಲಿಲ್ಲ.

ತಂಗಿ ಬೇರೊಂದು ದಾರಿಯಿಂದ ಊರವರ ಗುಂಪಿನೊಂದಿಗೆ ಸುಖವಾಗಿ ಬಂದಳು. ಅಣ್ಣ ಬರಲಿಲ್ಲ. ಒಂದು ಮುಂಜಾನೆ ನಮ್ಮ ಕಡೆಯ ಗಡಿನಾಕೆಯ ಗೋಡೆಗೆ ಅವನ ಸೈಕಲ್ ಒರಗಿ ನಿಂತಿತ್ತು. ಹಿಂದೆ ಅವನ ಕರಿ ಕಂಬಳಿ ಕಟ್ಟಿದ ಹಾಗೆಯೇ ಇತ್ತು. ಯಾರು ತಂದಿಟ್ಟರೆಂದು ನಾಕೆಯವರಿಗೂ ಗೊತ್ತಿರಲಿಲ್ಲ.

ನಿಜಾಮನ ಆಳ್ವಿಕೆ ಮುಗಿದ ಮೇಲೆ ನಾನು ಆಚೆಯ ಹಳ್ಳಿಗಳಲ್ಲಿ ಅಲೆದು ಕೇಳಿದೆ. ಅಣ್ಣನದೊಂದು ಫೋಟೋ ಇರಲಿಲ್ಲ. ಎತ್ತರಕ್ಕಿದ್ದ, ಮೀಸೆಯಿತ್ತು ಎಂದರೆ ಯಾರಿಗೆ ಗುರುತು ಸಿಗಬೇಕು? ಸೋತು ಮನೆಗೆ ಬಂದೆ. ಹಿರಿಯರು ಇನ್ನು ಬಳೆ ತೆಗೆಸುವುದು ಒಳ್ಳೆಯದೆಂದು ಮಾತು ತೆಗೆದರು. ದುರಗವ್ವ ಹಸಿರು ಬಳೆಯ ಕೈಯನ್ನು ಅವರ ಮುಖದ ಮುಂದೆ ಹಿಡಿದು, "ಹೆಣಾ ತೋರಸ್ರಿ, ಆಮ್ಯಾಲೆ ಮುಟ್ರಿ" ಎಂದಳು. ಪಡಸಾಲೆಯಲ್ಲಿ ಸೈಕಲ್ ನಿಲ್ಲಿಸಿ ದಿನಾ ಒರೆಸುತ್ತಿದ್ದಳು. ರಾತ್ರಿ ಅದರ ಹಿಂದಿನ ಗಾಲಿ ತಾನಾಗಿ ಟಿಕಿಟಿಕಿ ಅನ್ನುತ್ತದೆಂದು ನನ್ನ ಹೆಂಡತಿ ಹೆದರಿ ತವರಿಗೆ ಹೋಗಿ ಕೂತಳು. ಇಲಿ ಇರಬೇಕು ಎಂದೆ. ಇಲಿ ಸೈಕಲ್ ಹೊಡೆಯುತ್ತದೆಯೇ ಎಂದು ಅವಳು ಕೇಳಿದಳು.

ಐವತ್ತಾರರ ನವೆಂಬರಿನಲ್ಲಿ ಕನ್ನಡ ನಾಡು ಒಂದಾಯಿತು. ಊರೆಲ್ಲ ಸಕ್ಕರೆ ಹಂಚಿದರು. ನಾಕೆಯ ಅಡ್ಡಗಂಬ ಕಿತ್ತರು. ಮುಂಬಯಿ ರಾಜ್ಯಕ್ಕೆ ಸೇರಿದ್ದ ನಮ್ಮ ಕಡೆಯ ಬಾಡಿಗೆ ಕಾರುಗಳು ಹೈದರಾಬಾದ್ ಸೀಮೆಗೆ ಹೋಗುವಂತಿಲ್ಲ ಎಂಬ ತಕರಾರೂ ಹೋಯಿತು. ಆ ಸಂಜೆಯೇ ದುರಗವ್ವ ನನ್ನನ್ನು ಕರೆದುಕೊಂಡು ಬಾಡಿಗೆ ಕಾರಿನ ಲಾಡಸಾಬನ ಮನೆಗೆ ಹೋದಳು. ಅವನು ಅಣ್ಣನ ಗೆಳೆಯ. ಇಳಿಜಾರು ಬಂದರೆ ಎಂಜಿನ್ ಆರಿಸಿ ಕಾರನ್ನು ಹಾಗೇ ಹರಿಯಬಿಡುವ ಜಿಪುಣ. ಪೆಟ್ರೋಲ್ ಉಳಿಯುವುದೆಂದರೆ ದೇವರಿಗೆ ಕೈಮುಗಿದಷ್ಟು ಸಂತೋಷ ಅವನಿಗೆ.

"ಸೈಕಲ್ ಕಾರಿನ ಮ್ಯಾಲೆ ಕಟ್ಟು. ಆಚಿ ಊರೂರು ತಿರುಗೋಣು. ಮನಶ್ಯಾನ ಮಾರಿ ಮರೀತಾರ, ಸೈಕಲ್ ಮರ್ಯಾಂಗಿಲ್ಲ" ಎಂದಳು.

ಅದೂ ನಿಜವೇ. ಆ ಕಾಲಕ್ಕೆ ಹಳ್ಳಿಯಲ್ಲಿ ಸೈಕಲ್ ಎಷ್ಟಿದ್ದವು? ಇನ್ನೊಂದು ಕಾರಣವನ್ನು ಅವಳು ಹೇಳಲಿಲ್ಲ, ನನಗೆ ಗೊತ್ತಿತ್ತು. ಬದುಕಿರುವ ಗಂಡನ ಹೆಸರನ್ನು ನಮ್ಮ ಹೆಂಗಸರು ಬಾಯಿಂದ ಆಡುವುದಿಲ್ಲ. ಹೆಸರು ಹೇಳದೆ ಹುಡುಕುವುದು ಹೇಗೆ? ಸೈಕಲ್ ತೋರಿಸಿ, "ಇದನ್ನ ಹೊಡೀತಿದ್ದವರು" ಅಂದರೆ ಆಯಿತು.

ಲಾಡಸಾಬ ಹಿಂದಿನ ಸ್ಟೆಪ್ನಿಗೆ ಕಟ್ಟೋಣವೆಂದ. ಧೂಳು ಮುಚ್ಚಿ ಯಾರಿಗೂ ಕಾಣುವುದಿಲ್ಲವೆಂದು ದುರಗವ್ವ ಒಪ್ಪಲಿಲ್ಲ. ಹಾಗಾದರೆ ಟಾಪಿನ ಮೇಲೆ ಗೋಣಿಚೀಲ ಹಾಸಿ, ಮಲಗಿಸಿ, ಹಗ್ಗ ಬಿಗಿಯೋಣ ಎಂದ. ಅವಳ ಕಣ್ಣು ಕೆಂಪಾದವು.

"ಹೆಣಾ ಮಲಗಿಸಿದಂಗ ಮಲಗಸ್ತಿಯೇನು? ನಿಂದರಸಿ ಕಟ್ಟು."

ನಿಲ್ಲಿಸಿ ಕಟ್ಟುವುದೆಂದರೆ ಹಗ್ಗದ ಕೆಲಸವಲ್ಲ. ಮೂವರೂ ಬೆಟಗೇರಿಗೆ ಹೋದೆವು. ಅಲ್ಲಿ ಟಾಂಗಾಗಳಿಗೆ ಕಬ್ಬಿಣದ ಕೆಲಸ ಮಾಡುವ ಕುತುಬುದ್ದೀನ ಕಾರನ್ನು ಎರಡು ಸುತ್ತು ಸುತ್ತಿ ನೋಡಿದ. ಟಾಪಿಗೆ ತೂತು ಕೊರೆಯುತ್ತಾನೇನೋ ಎಂದು ಲಾಡಸಾಬ ಕೋಳಿ ಕಾಯುವವನ ಹಾಗೆ ಅವನ ಹಿಂದೆಯೇ ಸುತ್ತಿದ.

"ಟಾಪಿಗೆ ತೂತ ಹೊಡೀಬ್ಯಾಡಪಾ, ಮಳಿ ಬಂದ್ರ ನಾ ಕೊಡಿ ಹಿಡಕೊಂಡ ಕಾರ್ ಹೊಡೀಬೇಕಾಗ್ತೈತಿ."

ಕುತುಬುದ್ದೀನ ತೂತು ಹೊಡೆಯಲಿಲ್ಲ. ಟಾಪಿನ ಎರಡೂ ಅಂಚಿಗೆ ಮಳೆನೀರು ಹರಿಯಲೆಂದು ಇದ್ದ ಸಣ್ಣ ದೋಣಿಯನ್ನೇ ಕೊಕ್ಕೆಗಳಿಂದ ಕಚ್ಚಿಸಿ, ಜಾಲಿ ಕಟ್ಟಿಗೆಯ ಎರಡು ಅಡ್ಡಪಟ್ಟಿ ಕೂರಿಸಿದ. ಬಣ್ಣ ಕೆರೆಯದಂತೆ ಕೊಕ್ಕೆಗಳ ಕೆಳಗೆ ಹಳೆಯ ಟ್ಯೂಬಿನ ತುಂಡು ಇಟ್ಟ. ಸೈಕಲ್ಲಿನ ಮುಂದಿನ ಗಾಲಿಯ ಕವಲಿಗೆ ಒಂದು ಹಿಡಿಕೆ, ಪೆಡಲಿನ ಬುಡಕ್ಕೆ ಇನ್ನೊಂದು. ಗಾಲಿಗಳು ಎಲ್ಲಿಗೂ ತಾಗದೆ ಗಾಳಿಯಲ್ಲಿ ನಿಂತವು. ಕೊನೆಗೆ ಕುತುಬುದ್ದೀನ ಹೆಗಲು ಕೊಟ್ಟು ನೂಕಿದ. ಕಾರು ಅಲುಗಾಡಿತು, ಸೈಕಲ್ ಅಲುಗಾಡಲಿಲ್ಲ. ದುರಗವ್ವ ಮೇಲೆ ಹತ್ತಿ ಸೀಟಿನಿಂದ ಹ್ಯಾಂಡಲ್‌ವರೆಗೆ ಕರಿ ಕಂಬಳಿ ಹೊದಿಸಿ ಬಿಗಿದಳು. ಗಂಡನ ಗುರುತಿನವರಿಗೆ ಆ ಕಂಬಳಿಯೂ ಗುರುತು.

ಬೆಟಗೇರಿಯಿಂದ ಡಂಬಳದ ದಾರಿ ಹಿಡಿದು ಮರಳುವಾಗ ಪಕ್ಕದ ಜೋಳದ ಹೊಲದಲ್ಲಿ ನಮ್ಮ ನೆರಳು ಓಡುತ್ತಿತ್ತು. ಕಾರಿನ ನೆರಳು ಪೈರಿನಲ್ಲಿ ಮುಳುಗಿ, ಮೇಲೆ ಸೈಕಲ್ಲಿನದಷ್ಟೇ ಉಳಿದಿತ್ತು. ಕಂಬಳಿಯೊಳಗೆ ಗಾಳಿ ತುಂಬಿ ಬೆನ್ನು ಬಾಗಿಸಿ ಯಾರೋ ಕೂತಂತಾಗಿತ್ತು. ಕುಣಿಯಲ್ಲಿ ಕಾರು ಕುಕ್ಕಿದಾಗಲೆಲ್ಲ ತಲೆಯ ಮೇಲೆ ಟಿಕಿಟಿಕಿ. ನಾನು ಆ ಕಡೆಯ ಕಿಟಕಿ ಬಿಟ್ಟು ಈ ಕಡೆ ಸರಿದು ಕೂತೆ.

ಆಮೇಲೆ ಬಾಡಿಗೆಯಿಲ್ಲದ ದಿನಗಳಲ್ಲೆಲ್ಲ ಲಾಡಸಾಬ ನಮ್ಮನ್ನು ಆಚೆಗೆ ಕರೆದೊಯ್ದ. ಅಳವಂಡಿಯಾಚೆಯ ಹಳ್ಳಿಗಳಲ್ಲಿ ಜನ ಕಾರಿನ ಸುತ್ತ ಸೇರಿ, ಕತ್ತು ಎತ್ತಿ ನೋಡಿ, ಇಲ್ಲವ್ವ ಎಂದು ತಲೆಯಾಡಿಸುತ್ತಿದ್ದರು. ಸಂಜೆ ಅದೇ ದಾರಿಯಿಂದ ಮರಳುತ್ತಿದ್ದೆವು.

ಹೀಗೆ ಚಳಿಗಾಲ ಮುಗಿಯುತ್ತ ಬಂದಾಗ ಮುಂಡರಗಿಯ ಸಂತೆಗೆ ಬಂದ ಆ ಕಡೆಯವರಿಂದ ಖಬರು ಬಂತು. ಕರಿ ಕಂಬಳಿಯವನೊಬ್ಬ ಸಂಜೆ ಹೊತ್ತು ಸೈಕಲ್ ಮೇಲೆ ಹೋಗುತ್ತಾನಂತೆ. ಹೊಲದಲ್ಲಿ ಗುಡಿಸಲು ಹಾಕಿಕೊಂಡಿರುವ ತಿಪ್ಪವ್ವ ಎಂಬ ಮುದುಕಿ ಕಣ್ಣಾರೆ ಕಂಡಿದ್ದಾಳಂತೆ. ದುರಗವ್ವ ಕುಣಿಯಲಿಲ್ಲ, ಅಳಲಿಲ್ಲ. ಬಳೆಗಾರನನ್ನು ಕರೆದು ಎರಡೂ ಕೈ ತುಂಬ ಹೊಸ ಬಳೆ ಇಡಿಸಿಕೊಂಡಳು. ನನಗೂ ಆಸೆ ಹುಟ್ಟಿತು, ಸುಳ್ಳೇಕೆ ಹೇಳಲಿ.

ಮರುದಿನ ಕಾರನ್ನು ದಿಬ್ಬದ ಮೇಲೆ ನಿಲ್ಲಿಸಿ ಮೂವರೂ ಕಾಲುದಾರಿಯಲ್ಲಿ ತಿಪ್ಪವ್ವನ ಗುಡಿಸಲಿಗೆ ಇಳಿದೆವು. ಮುಂದೆ ಆಳೆತ್ತರದ ಕಳ್ಳಿಬೇಲಿ, ಬೇಲಿಯಾಚೆ ರಸ್ತೆ. ಕಾಲು ಸ್ವಾಧೀನವಿಲ್ಲದೆ ಕೂತಲ್ಲೇ ಇದ್ದ ಮುದುಕಿ ಬೇಲಿಯತ್ತ ಕೈ ಮಾಡಿದಳು.

"ಅಲ್ಲೇ ಹೋಗ್ತಾನವ್ವ, ಬೇಲಿ ಮ್ಯಾಲೆ. ನೆಲಾ ಮುಟ್ಟಾಂಗಿಲ್ಲ. ಕಾಲು ಆಡಸಾಂಗಿಲ್ಲ. ಸಪ್ಪಳಿಲ್ಲ, ಟಿಕಿಟಿಕಿ ಅಂತೈತಿ ಅಷ್ಟ."

ಲಾಡಸಾಬ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ದಿಬ್ಬದಿಂದ ಇಲ್ಲಿಯವರೆಗೂ ಇಳಿಜಾರು. ಪ್ರತಿ ಸಂಜೆ ಲಾಡಸಾಬ ಎಂಜಿನ್ ಆರಿಸುತ್ತಿದ್ದದ್ದು ಇದೇ ದಾರಿಯಲ್ಲಿ.

"ಹಿಂದ ಯಾವತ್ತ ಕಂಡಿದ್ದಿಬೇ?" ದುರಗವ್ವನ ದನಿ ಸಣ್ಣದಾಗಿತ್ತು.

"ಹಿಂದಿನ ಅಮಾಸಿ ದಿನಾ. ಅದಕ್ಕೂ ಮೊದಲ ಸಂಕ್ರಾಂತಿ ಮರುದಿನಾ."

ಎರಡೂ ದಿನ ನಾವು ಬಂದಿದ್ದೆವು. ದುರಗವ್ವನಿಗೆ ತಿಳಿಯಿತೆಂದು ಅವಳ ಕೈ ನೋಡಿ ಗೊತ್ತಾಯಿತು. ಬಳೆ ಸದ್ದಾಗದಂತೆ ಅವುಗಳನ್ನು ಮೊಣಕೈಗೆ ಏರಿಸಿ ಹಿಡಿದುಕೊಂಡಿದ್ದಳು. ಆಮೇಲೆ ಲಾಡಸಾಬನ ಕಡೆ ತಿರುಗಿದಳು.

"ಲಾಡಸಾಬ, ನೀ ಹೋಗಿ ಕಾರ್ ತಗೊಂಡು ಬಾ. ದಿನಾ ಹೆಂಗ ಬರ್ತಿದ್ದಿ, ಹಂಗ ಬಾ. ನಾ ಇಲ್ಲೇ ನಿಂದರ್ತೀನಿ."

"ಬ್ಯಾಡ ತಂಗಿ" ಎಂದ ಅವನು.

"ಹೋಗು."

ಅವನು ಹೋದ. ಹೊತ್ತು ಮುಳುಗುತ್ತಿತ್ತು. ಅವಳು ಗುಡಿಸಲಿನ ಬಾಗಿಲಲ್ಲಿ, ಹೊಸ್ತಿಲ ಮೇಲೆ ನಿಂತಳು. ನಾನು ಪಕ್ಕದಲ್ಲಿದ್ದೆ. ನಾನು ದೆವ್ವ ನಂಬುವವನಲ್ಲ. ಕುತುಬುದ್ದೀನನ ಕೊಕ್ಕೆ, ಪಟ್ಟಿ, ಹಿಡಿಕೆ ಎಲ್ಲ ನನ್ನ ಕಣ್ಣಮುಂದೆ ಹಾಕಿದ್ದು. ಆದರೂ ಬೇಲಿಯ ಮೇಲೆ ಅವನು ಬಂದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಕಂಬಳಿ ಹೊದ್ದು, ಬೆನ್ನು ಬಾಗಿಸಿ, ಕೆಂಪು ಆಕಾಶಕ್ಕೆ ಎದುರಾಗಿ, ಯಾವ ಅವಸರವೂ ಇಲ್ಲದೆ ನನ್ನ ಅಣ್ಣ ಹೋಗುತ್ತಿದ್ದ. ಟಿಕಿಟಿಕಿ ಸದ್ದು ಹತ್ತಿರವಾಗಿ, ನಮ್ಮೆದುರು ಹಾದು, ದೂರವಾಯಿತು. ದುರಗವ್ವ ರೆಪ್ಪೆ ಬಡಿಯಲಿಲ್ಲ. ಬೇಲಿ ಮುಗಿಯುವಲ್ಲಿ ಅವನು ತಗ್ಗಿಗೆ ಇಳಿದು ಮರೆಯಾಗುವವರೆಗೂ ಅವನ ಬೆನ್ನು ನೋಡಿದಳು.

ನಾವು ರಸ್ತೆಗೆ ಹೋದಾಗ ಲಾಡಸಾಬ ಕಾರಿಗೆ ಒರಗಿ ಅಳುತ್ತಿದ್ದ. ದುರಗವ್ವ ಟಾಪಿನತ್ತ ನೋಡಿದಳು. ಆ ಹೆಸರನ್ನು ನಾನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು.

"ಹೊಳೆಯಪ್ಪನ ಸೈಕಲ್ ಮಲಗಿಸಿ ಕಟ್ಟು, ಲಾಡಸಾಬ."